ಮಧ್ಯಾಹ್ನ ಮೂರಾದರೆ ಕಣ್ಣುರಿ: ತಪ್ಪು ಸ್ಕ್ರೀನಿನದಾ, ಕನ್ನಡಕದ್ದಾ?

ಪ್ರಶ್ನೆ: ನನಗೆ 41 ವರ್ಷ. ಲೆಕ್ಕಪತ್ರದ ಕೆಲಸ. ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆಯೇ ಇರುತ್ತೇನೆ. ಮಧ್ಯಾಹ್ನ ಮೂರರ ನಂತರ ಕಣ್ಣು ಉರಿಯುತ್ತದೆ, ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಆಮೇಲೆ ಸುಮ್ನೆ ನೀರು ಸುರಿಯುತ್ತದೆ. ಸ್ಕ್ರೀನಿನಿಂದ ತಲೆಯೆತ್ತಿ ದೂರ ನೋಡಿದರೆ ಸ್ವಲ್ಪ ಹೊತ್ತು ಎಲ್ಲ ಮಸುಕು. ಸಂಜೆ ಹೊತ್ತಿಗೆ ಹಣೆನೋವು. ಎರಡೂ ಕಣ್ಣಿಗೆ ಮೈನಸ್ 1.5 ಕನ್ನಡಕ ಇದೆ. ಪವರ್ ಚೆಕ್ ಮಾಡಿಸಿ ನಾಲ್ಕು ವರ್ಷ ಆಯಿತು. ಕನ್ನಡಕ ತೆಗೆದಿಟ್ಟು ಕೆಲಸ ಮಾಡಿದರೆ ಹಾಯೆನಿಸುತ್ತದೆ, ಆದರೆ ಪವರ್ ಜಾಸ್ತಿ ಆದೀತು ಅಂತ ಭಯ. ಹಳೇ ನಂಬರಿಗೇ ಬ್ಲೂ ಲೈಟ್ ತಡೆಯುವ ಲೆನ್ಸ್ ಹಾಕಿಸಿದೆ. ಡಾರ್ಕ್ ಮೋಡ್ ಹಾಕಿಕೊಂಡೆ. ಕೆಂಪು ಹೋಗಲಿ ಅಂತ ಔಷಧಿ ಅಂಗಡಿಯಿಂದ ಡ್ರಾಪ್ಸ್ ತಂದು ಬಿಟ್ಟುಕೊಳ್ಳುತ್ತಿದ್ದೇನೆ. ಯಾವುದರಿಂದಲೂ ಪ್ರಯೋಜನ ಆಗಿಲ್ಲ. ಹೀಗೇ ಮುಂದುವರಿದರೆ ದೃಷ್ಟಿ ಹೋಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಅದೇ ಅಲ್ವಾ? ಇಲ್ಲ, ಇದರಿಂದ ದೃಷ್ಟಿ ಹೋಗುವುದಿಲ್ಲ. ಗಂಟೆಗಟ್ಟಲೆ ಸ್ಕ್ರೀನ್ ನೋಡಿದ್ದರಿಂದ ದೊಡ್ಡವರ ಕಣ್ಣಿಗೆ ಶಾಶ್ವತ ಹಾನಿ ಆಗುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಆದರೆ ನಿಮ್ಮ ಉರಿ, ನೋವು ಎರಡೂ ನಿಜ. ಸಹಿಸಿಕೊಂಡು ಇರಬೇಕಾದ ಅಗತ್ಯವೂ ಇಲ್ಲ.

ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಎರಡು. ಉರಿ, ಚುಚ್ಚು, ನೀರು ಸುರಿಯುವುದು ಒಂದು ಗುಂಪು. ಇದು ಕಣ್ಣಿನ ಮೇಲ್ಮೈ ಒಣಗಿದ ಲಕ್ಷಣ. ದೂರ ನೋಡಿದಾಗ ಮಸುಕು, ಹಣೆನೋವು, ಕನ್ನಡಕ ತೆಗೆದರೆ ಹಾಯೆನಿಸುವುದು ಇನ್ನೊಂದು ಗುಂಪು. ಇದು ಕಣ್ಣಿನ ಒಳಗೆ ಫೋಕಸ್ ಮಾಡುವ ಸ್ನಾಯು ದಣಿದ ಲಕ್ಷಣ. ಎರಡಕ್ಕೂ ಕಾರಣ ಬೇರೆ, ಮಾಡಬೇಕಾದ್ದೂ ಬೇರೆ. ಇಲ್ಲಿಯವರೆಗೆ ನೀವು ಮಾಡಿದ ಮೂರು ಪ್ರಯತ್ನಗಳಲ್ಲಿ ಒಂದೂ ಇವೆರಡರ ಮೂಲಕ್ಕೆ ಹೋಗಿಲ್ಲ. ಅದಕ್ಕೇ ಪ್ರಯೋಜನ ಆಗಲಿಲ್ಲ.

ಉರಿಯಿಂದ ಶುರು ಮಾಡೋಣ. ಕಣ್ಣಿನ ಮೇಲೆ ಸದಾ ಒಂದು ತೆಳ್ಳನೆಯ ಕಣ್ಣೀರಿನ ಪದರ ಇರುತ್ತದೆ. ಅದರಲ್ಲಿ ನೀರು ಇದೆ, ನೀರನ್ನು ಕಣ್ಣಿಗೆ ಅಂಟಿಸುವ ಲೋಳೆ ಇದೆ, ಎಲ್ಲಕ್ಕಿಂತ ಮೇಲೆ ಬಹಳ ತೆಳುವಾದ ಎಣ್ಣೆಯ ಹೊದಿಕೆ ಇದೆ. ಆ ಎಣ್ಣೆ ಇಲ್ಲದಿದ್ದರೆ ನೀರು ಬೇಗ ಆರಿಹೋಗುತ್ತದೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿ ಇರುವ ಸಣ್ಣ ಗ್ರಂಥಿಗಳಿಂದ. ಮೇಲಿನ ರೆಪ್ಪೆ ಇಳಿದು ಕೆಳಗಿನ ರೆಪ್ಪೆಗೆ ಪೂರ್ತಿ ತಾಗಿದಾಗ ಗ್ರಂಥಿಗಳು ಒತ್ತಿ ಎಣ್ಣೆ ಹೊರಗೆ ಬರುತ್ತದೆ, ಕಣ್ಣಿನ ತುಂಬ ಹರಡುತ್ತದೆ. ಅಂದರೆ ರೆಪ್ಪೆ ಬಡಿಯುವುದು ಬರೀ ಅಭ್ಯಾಸ ಅಲ್ಲ, ಅದು ಕಣ್ಣಿಗೆ ಬೇಕಾದ ಕೆಲಸ.

ಸುಮ್ಮನೆ ಕೂತು ಮಾತಾಡುವಾಗ ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಸ್ಕ್ರೀನಿನಲ್ಲಿ ಮುಳುಗಿದಾಗ ಅದು 5ರಿಂದ 7ಕ್ಕೆ ಇಳಿಯುವುದು ಸಾಮಾನ್ಯ. ಅದಕ್ಕಿಂತ ತೊಂದರೆ ಕೊಡುವ ಇನ್ನೊಂದು ಸಂಗತಿ ಇದೆ. ಆ ಐದಾರು ಸಲದಲ್ಲೂ ಬಹಳಷ್ಟು ಅರ್ಧಂಬರ್ಧ. ರೆಪ್ಪೆ ಅರ್ಧ ಇಳಿದು ವಾಪಸ್ ಏರುತ್ತದೆ, ಕೆಳಗಿನ ಮೂರನೇ ಒಂದು ಭಾಗ ಒದ್ದೆಯೇ ಆಗುವುದಿಲ್ಲ. ಒಮ್ಮೆ ಲೆಕ್ಕದ ಹಾಳೆಯಲ್ಲಿ ಮುಳುಗಿರುವಾಗ ಫೋನಿನಲ್ಲಿ ನಿಮ್ಮ ಮುಖದ ವೀಡಿಯೊ ತೆಗೆದು ನೋಡಿ. ಎರಡು ನಿಮಿಷ ಸಾಕು. ನನ್ನ ಹತ್ತಿರ ಬಂದವರಿಗೆ ನೂರು ಮಾತು ಹೇಳುವುದಕ್ಕಿಂತ ಈ ವೀಡಿಯೊ ಬೇಗ ಅರ್ಥ ಮಾಡಿಸುತ್ತದೆ.

ನೀರು ಸುರಿಯುವುದನ್ನು ನೋಡಿ ‘ನನಗೆ ಒಣಗಣ್ಣು ಹೇಗೆ ಬರುತ್ತೆ, ನೀರು ಜಾಸ್ತೀನೇ ಇದೆಯಲ್ಲ’ ಅಂತ ಕೇಳುವವರು ಬಹಳ. ಮೇಲ್ಮೈ ಒಣಗಿ ಕೆರಳಿದಾಗ ಕಣ್ಣು ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರಿನಲ್ಲಿ ಎಣ್ಣೆ ಸಾಕಷ್ಟು ಇರುವುದಿಲ್ಲ. ಕೆನ್ನೆ ಮೇಲೆ ಇಳಿದು ಹೋಗುತ್ತದೆಯೇ ಹೊರತು ಕಣ್ಣಿನ ಮೇಲೆ ನಿಲ್ಲುವುದಿಲ್ಲ. ಹಾಗಾಗಿ ನೀರು ಸುರಿಯುವುದು ಒಣಗಿದ್ದಕ್ಕೇ ಗುರುತು.

ಪುಸ್ತಕ ಓದುವಾಗಲೂ ರೆಪ್ಪೆ ಬಡಿತ ಕಡಿಮೆ ಆಗುತ್ತದೆ. ಆದರೆ ಪುಸ್ತಕವನ್ನು ಕೆಳಗೆ ನೋಡುತ್ತೇವೆ, ಮೇಲಿನ ರೆಪ್ಪೆ ಕಣ್ಣನ್ನು ಅರ್ಧ ಮುಚ್ಚಿಕೊಂಡಿರುತ್ತದೆ. ಸ್ಕ್ರೀನನ್ನು ನೇರಕ್ಕೆ, ಕೆಲವೊಮ್ಮೆ ಮೇಲಕ್ಕೆ ನೋಡುತ್ತೇವೆ. ಆಗ ಕಣ್ಣು ಅಗಲ ತೆರೆದಿರುತ್ತದೆ, ಗಾಳಿಗೆ ಒಡ್ಡಿಕೊಂಡ ಜಾಗ ಜಾಸ್ತಿ, ಆರುವುದೂ ಬೇಗ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಲಿ ಅನ್ನುವುದು ಕುತ್ತಿಗೆಗೆ ಮಾತ್ರ ಅಲ್ಲ, ಇದಕ್ಕೂ ಹೌದು. ಸ್ಕ್ರೀನಿನ ನಡುಭಾಗ 15ರಿಂದ 20 ಡಿಗ್ರಿ ಕೆಳಗೆ ಇದ್ದರೆ ಚೆನ್ನ.

ಹಾಗಾದರೆ ಏನು ಮಾಡಬೇಕು? ‘ರೆಪ್ಪೆ ಜಾಸ್ತಿ ಬಡಿಯಿರಿ’ ಅಂತ ಹೇಳಿದರೆ ಯಾರಿಂದಲೂ ಆಗುವುದಿಲ್ಲ. ಹತ್ತು ನಿಮಿಷದಲ್ಲಿ ಮರೆತುಹೋಗುತ್ತದೆ. ಅದರ ಬದಲು ಕೆಲಸದಲ್ಲಿ ಮತ್ತೆ ಮತ್ತೆ ಬರುವ ಯಾವುದಾದರೂ ಒಂದು ಕ್ಷಣಕ್ಕೆ ಅದನ್ನು ಕಟ್ಟಿಹಾಕಿ. ಫೈಲ್ ಸೇವ್ ಮಾಡಿದಾಗ, ಮೇಲ್ ಕಳಿಸಿದಾಗ, ಪುಟ ಲೋಡ್ ಆಗುವವರೆಗೆ ಕಾಯುವಾಗ. ಆಗ ಕಣ್ಣನ್ನು ನಿಧಾನಕ್ಕೆ ಪೂರ್ತಿ ಮುಚ್ಚಿ, ಎರಡು ಸೆಕೆಂಡ್ ಹಾಗೇ ಬಿಡಿ. ತೆರೆದು ಮತ್ತೆ ಮುಚ್ಚಿ, ಈ ಸಲ ರೆಪ್ಪೆಗಳನ್ನು ಮೆತ್ತಗೆ ಒತ್ತಿ. ಹೀಗೆ ನಾಲ್ಕೈದು ಸಲ. ಸರಿಯಾಗಿ ಮಾಡಿದರೆ ತೆರೆದ ಕೂಡಲೇ ಅಕ್ಷರ ಒಂದಿಷ್ಟು ಚೂಪಾಗಿ ಕಾಣುತ್ತದೆ. ಕಣ್ಣೀರಿನ ಪದರ ನಯವಾಯಿತು ಅಂತ ಅರ್ಥ.

ಗಾಳಿಯನ್ನೂ ಗಮನಿಸಿ. ಎ.ಸಿ. ಗಾಳಿ ಅಥವಾ ಮೇಜಿನ ಫ್ಯಾನ್ ನೇರ ಮುಖಕ್ಕೆ ಬರುತ್ತಿದ್ದರೆ ಬೇರೆ ಯಾವ ಉಪಾಯವೂ ನಿಲ್ಲುವುದಿಲ್ಲ. ಮೊದಲು ಅದನ್ನು ತಿರುಗಿಸಿ, ಇಲ್ಲವೇ ನೀವೇ ಜಾಗ ಬದಲಿಸಿ. ಬೆಳಿಗ್ಗೆ ಎದ್ದಾಗಲೇ ರೆಪ್ಪೆಯ ಅಂಚು ಅಂಟಂಟಾಗಿ ಅಥವಾ ಹೊಟ್ಟು ಹೊಟ್ಟಾಗಿ ಇದ್ದರೆ ಎಣ್ಣೆ ಗಟ್ಟಿಯಾಗಿ ಗ್ರಂಥಿ ಕಟ್ಟಿಕೊಂಡಿರಬಹುದು. ಶುದ್ಧ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಡಿ. ತಣ್ಣಗಾದರೆ ಮತ್ತೆ ಅದ್ದಿ. ಆಮೇಲೆ ಬೆರಳ ತುದಿಯಿಂದ ರೆಪ್ಪೆಯನ್ನು ರೆಪ್ಪೆಗೂದಲಿನ ಕಡೆಗೆ ಮೆತ್ತಗೆ ತೀಡಿ. ಬಿಸಿ ಹಿತವಾಗಿರಬೇಕು, ಸುಡಬಾರದು. ಒಂದೆರಡು ದಿನಕ್ಕೆ ಫಲ ಕಾಣುವುದಿಲ್ಲ, ಕೆಲವು ವಾರ ದಿನಾ ಮಾಡಬೇಕು.

ಈಗ ನಿಮ್ಮ ಡ್ರಾಪ್ಸ್ ವಿಷಯ. ಕೆಂಪು ತೆಗೆಯುವ ಡ್ರಾಪ್ಸ್ ದಯವಿಟ್ಟು ನಿಲ್ಲಿಸಿ. ಅದರಲ್ಲಿರುವ ಔಷಧಿ ರಕ್ತನಾಳಗಳನ್ನು ಸಂಕುಚಿಸುತ್ತದೆ, ಅಷ್ಟೇ. ಒಣಗಿದ್ದಕ್ಕೆ ಏನೂ ಮಾಡುವುದಿಲ್ಲ. ದಿನಾ ಹಾಕುತ್ತಾ ಹೋದರೆ, ಔಷಧಿ ಇಳಿದಾಗ ಕಣ್ಣು ಮೊದಲಿಗಿಂತ ಕೆಂಪಾಗುತ್ತದೆ, ಮತ್ತೆ ಹಾಕಬೇಕಾಗುತ್ತದೆ. ನಿಮಗೆ ಬೇಕಾದ್ದು ಕೃತಕ ಕಣ್ಣೀರು, ಅಂದರೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅಥವಾ ಹಯಾಲುರೊನೇಟ್ ಇರುವ ಡ್ರಾಪ್ಸ್. ಉರಿ ಶುರುವಾದ ಮೇಲೆ ಅಲ್ಲ, ಮೊದಲೇ ಹಾಕಿ. ನಿಮಗೆ ಮೂರಕ್ಕೆ ಉರಿ ಬರುತ್ತದೆ ಅಂದರೆ ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಕಾದರೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ, ಯಾಕೆಂದರೆ ಪ್ರಿಸರ್ವೇಟಿವ್ವೇ ಪದೇ ಪದೇ ಬಿದ್ದರೆ ಮೇಲ್ಮೈಗೆ ತೊಂದರೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಯಾರೋ ಹೇಳಿದರು ಅಂತ ಸ್ಟೀರಾಯ್ಡ್ ಡ್ರಾಪ್ಸ್ ಹಾಕಬೇಡಿ. ಎರಡೇ ದಿನದಲ್ಲಿ ಕಣ್ಣು ಬೆಳ್ಳಗೆ ಆಗುತ್ತದೆ, ಖುಷಿಯಾಗುತ್ತದೆ. ಆದರೆ ಡಾಕ್ಟರ ಕಣ್ಗಾವಲು ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಸ್ಕ್ರೀನ್ ತೆಗೆಯದ ದೃಷ್ಟಿಯನ್ನು ಇಂಥ ಡ್ರಾಪ್ಸ್ ತೆಗೆದುಬಿಡಬಲ್ಲದು.

ಇನ್ನು ಎರಡನೇ ತೊಂದರೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಾಲು ಇದು: ‘ಕನ್ನಡಕ ತೆಗೆದರೆ ಹಾಯೆನಿಸುತ್ತದೆ.’ ಅದು ಭ್ರಮೆ ಅಲ್ಲ, ಲೆಕ್ಕ. ಲೆಕ್ಕದ ಕೆಲಸ ಮಾಡುವ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ.

ಹತ್ತಿರದ್ದನ್ನು ನೋಡಲು ಕಣ್ಣಿನ ಒಳಗಿನ ಸಿಲಿಯರಿ ಸ್ನಾಯು ಬಿಗಿಯಾಗಬೇಕು, ಆಗ ಮಸೂರ ಉಬ್ಬಿ ಅದರ ಪವರ್ ಏರುತ್ತದೆ. ಎಷ್ಟು ಏರಬೇಕು ಅನ್ನುವುದನ್ನು ಡಯಾಪ್ಟರಿನಲ್ಲಿ ಅಳೆಯುತ್ತೇವೆ. ಲೆಕ್ಕ ಸುಲಭ: 1ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. 50 ಸೆಂ.ಮೀ. ದೂರದ ಲ್ಯಾಪ್‌ಟಾಪಿಗೆ 2 ಡಯಾಪ್ಟರ್. 30 ಸೆಂ.ಮೀ. ದೂರದ ಫೋನಿಗೆ ಸುಮಾರು 3.3. ಆರು ಮೀಟರ್ ದೂರದ ಗೋಡೆಗೆ ಹೆಚ್ಚುಕಡಿಮೆ ಸೊನ್ನೆ. ಹತ್ತು ವರ್ಷದ ಮಗುವಿನ ಕಣ್ಣಿಗೆ 12 ಡಯಾಪ್ಟರಿಗಿಂತ ಜಾಸ್ತಿ ಶಕ್ತಿ ಇರುತ್ತದೆ. ನಲವತ್ತರ ಹೊತ್ತಿಗೆ ಅದು ಐದಾರಕ್ಕೆ ಇಳಿದಿರುತ್ತದೆ. ಅದರಲ್ಲೂ ಅರ್ಧದಷ್ಟನ್ನು ಮಾತ್ರ ದಣಿವಿಲ್ಲದೆ ಗಂಟೆಗಟ್ಟಲೆ ಬಳಸಬಹುದು. ಅಂದರೆ ನಿಮ್ಮ ಪಾಲಿಗೆ ಎರಡೂವರೆ, ಹೆಚ್ಚೆಂದರೆ ಮೂರು. ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ನೋಡುವಾಗ ನೀವು ಒಂಬತ್ತು ಗಂಟೆ ಆ ಮಿತಿಯ ಅಂಚಿನಲ್ಲೇ ಇರುತ್ತೀರಿ. ಖಾಲಿ ಬಕೆಟ್ ಹಿಡಿದು ನಿಂತ ಹಾಗೆ: ಭಾರ ದೊಡ್ಡದಲ್ಲ, ಇಳಿಸದೇ ಇರುವುದೇ ಕಷ್ಟ. ಅಷ್ಟು ಹೊತ್ತು ಬಿಗಿಯಾಗಿದ್ದ ಸ್ನಾಯು ತಲೆಯೆತ್ತಿದ ತಕ್ಷಣ ಸಡಿಲ ಆಗುವುದಿಲ್ಲ. ಅದಕ್ಕೇ ದೂರದ್ದು ಸ್ವಲ್ಪ ಹೊತ್ತು ಮಸುಕು.

ಈಗ ಕನ್ನಡಕ ತೆಗೆಯೋಣ. ಕನ್ನಡಕದ ನಂಬರ್ ಕೂಡ ಡಯಾಪ್ಟರಿನ ಲೆಕ್ಕವೇ. ಮೈನಸ್ 1.5 ಇರುವ ಕಣ್ಣು ಯಾವ ಶ್ರಮವೂ ಇಲ್ಲದೆ ಸ್ಪಷ್ಟವಾಗಿ ನೋಡುವ ದೂರ 1ನ್ನು 1.5ರಿಂದ ಭಾಗಿಸಿದಷ್ಟು. ಅಂದರೆ ಸುಮಾರು 67 ಸೆಂ.ಮೀ. ಅದು ಒಂದು ತೋಳಿನ ದೂರ, ಮಾನಿಟರ್ ಇಡಬೇಕಾದ ದೂರವೇ! ನಿಮ್ಮ ಬರಿಗಣ್ಣು ಸ್ಕ್ರೀನಿಗೆ ಹೇಳಿ ಮಾಡಿಸಿದ ಹಾಗಿದೆ. ಕನ್ನಡಕ ಹಾಕಿಕೊಂಡು ನೀವು ಆ ಅನುಕೂಲವನ್ನು ಕಳೆದುಕೊಂಡು, ಸ್ನಾಯುವಿನಿಂದ ಅದನ್ನು ಮತ್ತೆ ದುಡಿದು ಗಳಿಸುತ್ತಿದ್ದೀರಿ.

ಕನ್ನಡಕ ತೆಗೆದು ಕೆಲಸ ಮಾಡಿದರೆ ನಿಮ್ಮ ವಯಸ್ಸಿನಲ್ಲಿ ಪವರ್ ಜಾಸ್ತಿ ಆಗುವುದಿಲ್ಲ. ಧೈರ್ಯವಾಗಿ ತೆಗೆಯಿರಿ. ಎರಡು ಷರತ್ತು ಇದೆ. ಎರಡೂ ಕಣ್ಣಿನ ನಂಬರ್ ಈಗಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷದ ನಂಬರ್) ಇರಬಾರದು, ಇದ್ದರೂ ಅತ್ಯಲ್ಪ ಇರಬೇಕು. ಅರ್ಧದಿಂದ ಒಂದು ಡಯಾಪ್ಟರಿನಷ್ಟು ಸಿಲಿಂಡರ್ ಇದ್ದು ಸರಿಪಡಿಸದೆ ಬಿಟ್ಟರೂ ಇಡೀ ದಿನ ಓದುವವರಿಗೆ ತಲೆನೋವು ಬರಬಹುದು. ಇದು ಗೊತ್ತಾಗಬೇಕಾದರೆ ಪರೀಕ್ಷೆ ಮಾಡಿಸಲೇಬೇಕು. ನಾಲ್ಕು ವರ್ಷ ಬಹಳ ಆಯಿತು, ಅದೂ ನಲವತ್ತರ ಗಡಿ ದಾಟುವ ನಾಲ್ಕು ವರ್ಷ.

ಪರೀಕ್ಷೆಗೆ ಹೋಗುವ ಮೊದಲು ಒಂದು ಕೆಲಸ ಮಾಡಿ. ನೀವು ಎಂದಿನಂತೆ ಕೂತಾಗ ಕಣ್ಣಿನಿಂದ ಸ್ಕ್ರೀನಿಗೆ ಎಷ್ಟು ದೂರ ಅಂತ ಟೇಪಿನಲ್ಲಿ ಬೇರೆಯವರಿಂದ ಅಳೆಸಿ. ಆ ಅಂಕಿಯನ್ನು ಬರೆದುಕೊಂಡು ಹೋಗಿ, ‘ನನಗೆ ಈ ದೂರದಲ್ಲಿ ದಿನಕ್ಕೆ ಒಂಬತ್ತು ಗಂಟೆ ಕೆಲಸ’ ಅಂತ ಹೇಳಿ. ಹೇಳದಿದ್ದರೆ ಸಾಮಾನ್ಯವಾಗಿ ಗೋಡೆಯ ಪಟ್ಟಿ ಓದಿಸಿ ದೂರದ ನಂಬರ್ ಬರೆಯುತ್ತಾರೆ, 40 ಸೆಂ.ಮೀ. ಕಾರ್ಡ್ ಹಿಡಿಸಿ ಓದುವ ನಂಬರ್ ಬರೆಯುತ್ತಾರೆ. ಇವೆರಡರ ನಡುವಿನ ದೂರ ಯಾರ ಲೆಕ್ಕಕ್ಕೂ ಬರುವುದಿಲ್ಲ, ನೀವು ಬದುಕುವುದು ಅಲ್ಲೇ. ಬರಿಗಣ್ಣು ಸರಿಹೋಗದಿದ್ದರೆ ಸ್ಕ್ರೀನ್ ದೂರಕ್ಕೇ ಲೆಕ್ಕ ಹಾಕಿದ ಪ್ರತ್ಯೇಕ ಕನ್ನಡಕ ಮಾಡಿಸಿ. ಮುಂದೆ ಚಾಳೀಸು ಗಟ್ಟಿಯಾದಾಗ ದೂರಕ್ಕೂ ಹತ್ತಿರಕ್ಕೂ ಒಂದರಲ್ಲೇ ಪವರ್ ಇರುವ ಪ್ರೋಗ್ರೆಸಿವ್ ಲೆನ್ಸ್ ತೋರಿಸುತ್ತಾರೆ. ಅದು ಓಡಾಟಕ್ಕೆ ಒಳ್ಳೆಯದು. ಆದರೆ ಅದರಲ್ಲಿ ಸ್ಕ್ರೀನಿಗೆ ಸಿಗುವ ಜಾಗ ಕಿರಿದು, ಅದೂ ಲೆನ್ಸಿನ ನಡುವಿನಿಂದ ಕೆಳಗೆ. ಗಲ್ಲ ಎತ್ತಿ ನೋಡಿ ನೋಡಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ದಿನವಿಡೀ ಸ್ಕ್ರೀನ್ ನೋಡುವವರಿಗೆ ಬೇರೆ ಕನ್ನಡಕವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಲ್ಯಾಪ್‌ಟಾಪಿನ ದೊಡ್ಡ ತೊಂದರೆ ಅಂದರೆ ಕೀಬೋರ್ಡ್ ಮತ್ತು ಸ್ಕ್ರೀನ್ ಒಂದಕ್ಕೊಂದು ಅಂಟಿಕೊಂಡಿರುವುದು. ಕೈಗೆ ಹತ್ತಿರ ಆದರೆ ಕಣ್ಣಿಗೂ ಹತ್ತಿರ. ಬೇರೆ ಕೀಬೋರ್ಡ್ ತೆಗೆದುಕೊಂಡು ಲ್ಯಾಪ್‌ಟಾಪನ್ನು ಎತ್ತರಿಸಿ 60-65 ಸೆಂ.ಮೀ. ದೂರಕ್ಕೆ ತಳ್ಳಿ, ಅಥವಾ ಮಾನಿಟರ್ ಜೋಡಿಸಿ. ದೂರ ಇಟ್ಟಾಗ ಅಕ್ಷರ ಚಿಕ್ಕದಾಗುತ್ತದೆ, ಮತ್ತೆ ಮುಂದಕ್ಕೆ ಬಾಗುತ್ತೀರಿ. ಹಾಗಾಗಿ ಅಕ್ಷರ ದೊಡ್ಡದು ಮಾಡಿ. ಎಷ್ಟು ಅಂದರೆ, ನೀವು ಕೂರುವ ದೂರದ ಮೂರು ಪಟ್ಟು ಹಿಂದೆ ಹೋಗಿ ನಿಂತರೂ ಕಷ್ಟಪಟ್ಟು ಓದಲು ಆಗಬೇಕು. ಲೆಕ್ಕದ ಹಾಳೆ ಬಳಸುವವರು ಎಲ್ಲ ಕಾಲಮ್ಮೂ ಒಟ್ಟಿಗೇ ಕಾಣಲಿ ಅಂತ ಝೂಮ್ ಇಳಿಸಿಕೊಂಡಿರುತ್ತಾರೆ. ನೀವೂ ಹಾಗೆ ಮಾಡಿದ್ದರೆ ಇವತ್ತೇ ಬದಲಿಸಿ. ಬೇಡದ ಕಾಲಮ್ ಮುಚ್ಚಿಡಿ, ಅಕ್ಷರವನ್ನು ಕುಗ್ಗಿಸಬೇಡಿ.

ಬೆಳಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕಿಟಕಿ ನಿಮ್ಮ ಪಕ್ಕಕ್ಕೆ ಇರಲಿ, ಎದುರಿಗೂ ಬೇಡ, ಬೆನ್ನಿಗೂ ಬೇಡ. ಕೂತಲ್ಲೇ ಅಂಗೈಯನ್ನು ಹುಬ್ಬಿನ ಮೇಲೆ ಮರೆಯಾಗಿ ಹಿಡಿಯಿರಿ. ತಕ್ಷಣ ಕಣ್ಣಿಗೆ ಆರಾಮ ಅನಿಸಿದರೆ ಮೇಲಿನ ದೀಪವೋ ಎದುರಿನ ಕಿಟಕಿಯೋ ತೊಂದರೆ ಕೊಡುತ್ತಿದೆ ಅಂತ ಅರ್ಥ. ಬ್ರೈಟ್‌ನೆಸ್‌ಗೆ, ಖಾಲಿ ಬಿಳಿ ಪುಟವೊಂದನ್ನು ತೆರೆದು ಪಕ್ಕದಲ್ಲಿ ಬಿಳಿ ಕಾಗದ ಹಿಡಿದು ನೋಡಿ. ಸ್ಕ್ರೀನ್ ದೀಪದ ಹಾಗೆ ಹೊಳೆದರೆ ಇಳಿಸಿ, ಬೂದು ಕಂಡರೆ ಏರಿಸಿ.

ಡಾರ್ಕ್ ಮೋಡ್ ಕೆಟ್ಟದ್ದೇನಲ್ಲ, ಆದರೆ ಅದು ಔಷಧಿಯೂ ಅಲ್ಲ. ಕಪ್ಪು ಹಿನ್ನೆಲೆಯಲ್ಲಿ ಕಣ್ಣಿನ ಪಾಪೆ ಅಗಲವಾಗುತ್ತದೆ. ಪಾಪೆ ಅಗಲವಾದಷ್ಟೂ ಕಣ್ಣಿನ ಸಣ್ಣಪುಟ್ಟ ದೋಷ ಎದ್ದು ಕಾಣುತ್ತದೆ. ಸಿಲಿಂಡರ್ ಇರುವವರಿಗೆ ಬಿಳಿ ಅಕ್ಷರ ಸುತ್ತ ಹರಡಿಕೊಂಡ ಹಾಗೆ ಕಾಣುತ್ತದೆ. ಹಗಲಲ್ಲಿ, ಬೆಳಕಿರುವ ಕೋಣೆಯಲ್ಲಿ ಬಿಳಿ ಮೇಲೆ ಕಪ್ಪು ಅಕ್ಷರವೇ ಹೆಚ್ಚಿನವರಿಗೆ ಸುಲಭ. ರಾತ್ರಿ ಮಂದ ಬೆಳಕಿನಲ್ಲಿ ನಿಮಗೆ ಡಾರ್ಕ್ ಮೋಡ್ ಹಿತ ಅನಿಸಿದರೆ ಬಳಸಿ.

ಬ್ಲೂ ಲೈಟ್ ಲೆನ್ಸಿಗೆ ದುಡ್ಡು ಕೊಟ್ಟಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಅದರಿಂದ ಪ್ರಯೋಜನ ಆಗಲಿಲ್ಲ ಅಂದಿರಲ್ಲ, ಅದು ನಿಮ್ಮೊಬ್ಬರ ಅನುಭವ ಅಲ್ಲ. 2023ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿತು. ಸಾಧಾರಣ ಲೆನ್ಸಿಗೆ ಹೋಲಿಸಿದರೆ ಈ ಲೆನ್ಸಿನಿಂದ ಕಣ್ಣಿನ ದಣಿವು, ಕೊನೇಪಕ್ಷ ಅಲ್ಪಾವಧಿಯಲ್ಲಿ, ಕಡಿಮೆ ಆಗುವ ಹಾಗೆ ಕಾಣಲಿಲ್ಲ. ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಇದನ್ನು ಶಿಫಾರಸು ಮಾಡುವುದಿಲ್ಲ. ಸ್ಕ್ರೀನಿನಿಂದ ಬರುವ ನೀಲಿ ಬೆಳಕು ಬಯಲಿನ ಹಗಲು ಬೆಳಕಿನ ಮುಂದೆ ಏನೂ ಅಲ್ಲ. ಮಲಗುವ ಮುಂಚೆ ಪ್ರಖರ ಸ್ಕ್ರೀನ್ ನೋಡಿದರೆ ನಿದ್ದೆ ತಡವಾಗಬಹುದು, ಅದು ನಿಜ. ಆದರೆ ನಿಮ್ಮ ಮಧ್ಯಾಹ್ನ ಮೂರರ ಉರಿಗೂ ಅದಕ್ಕೂ ಸಂಬಂಧ ಇಲ್ಲ.

ವಿರಾಮದ ಬಗ್ಗೆ 20-20-20 ಅಂತ ಕೇಳಿರುತ್ತೀರಿ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರ, ಇಪ್ಪತ್ತು ಸೆಕೆಂಡ್ ನೋಡುವುದು. ಅಮೆರಿಕದ ಆಪ್ಟೊಮೆಟ್ರಿಸ್ಟ್ (ದೃಷ್ಟಿ ಪರೀಕ್ಷಕ) ಜೆಫ್ರಿ ಆನ್‌ಶೆಲ್ ನೆನಪಿಡಲು ಸುಲಭವಾಗಲಿ ಅಂತ ಹೀಗೆ ಹೇಳಿದರು. ಇಪ್ಪತ್ತು ಅಡಿ ಅಂದರೆ ಸುಮಾರು ಆರು ಮೀಟರ್. ಮೇಲಿನ ಲೆಕ್ಕದ ಪ್ರಕಾರ ಅಲ್ಲಿ ಸ್ನಾಯುವಿಗೆ ಹೆಚ್ಚುಕಡಿಮೆ ಕೆಲಸವೇ ಇಲ್ಲ. ಒಳ್ಳೆಯ ಅಭ್ಯಾಸ, ಆದರೆ ಆ ಅಂಕಿಗಳಿಗೆ ಮಂತ್ರಶಕ್ತಿ ಏನಿಲ್ಲ. ಸಲಹೆಯೂ ಹೊಸದಲ್ಲ. ಕಸುಬಿನಿಂದ ಬರುವ ಕಾಯಿಲೆಗಳ ಬಗ್ಗೆ 1700ರಲ್ಲಿ ಬರೆದ ಇಟಲಿಯ ವೈದ್ಯ ಬೆರ್ನಾರ್ದಿನೊ ರಮಾಜ್ಜಿನಿ, ಕಣ್ಣಿಗೆ ಕಷ್ಟ ಕೊಡುವ ಸೂಕ್ಷ್ಮ ಕುಶಲಕೆಲಸದವರು ಆಗಾಗ ಕೆಲಸ ಬಿಟ್ಟು ಬೇರೆ ಕಡೆ ನೋಡಬೇಕು ಅಂತ ಹೇಳಿದ್ದರು. ಆಗ ಕಂಪ್ಯೂಟರ್ ಎಲ್ಲಿತ್ತು? ತೊಂದರೆ ಇರುವುದು ಹತ್ತಿರದ್ದನ್ನು ಬಿಡದೆ ನೋಡುವುದರಲ್ಲಿ. ನನ್ನ ಸಲಹೆ: ಇಪ್ಪತ್ತು ಸೆಕೆಂಡ್ ದೂರ ನೋಡುವಾಗ ಮೇಲೆ ಹೇಳಿದ ಹಾಗೆ ಪೂರ್ತಿ ರೆಪ್ಪೆ ಮುಚ್ಚಿ ತೆರೆಯುವುದನ್ನೂ ಸೇರಿಸಿ. ಗಂಟೆಗೊಮ್ಮೆ ಕುರ್ಚಿ ಬಿಟ್ಟು ಎದ್ದು ಐದು ನಿಮಿಷ ಓಡಾಡಿ. ಆ ಐದು ನಿಮಿಷ ಫೋನ್ ತೆಗೆಯಬೇಡಿ. ಲ್ಯಾಪ್‌ಟಾಪಿಗೆ 2 ಡಯಾಪ್ಟರ್ ಬೇಕಿದ್ದ ಕಣ್ಣಿಗೆ ಫೋನಿನಲ್ಲಿ 3.3 ಬೇಕು. ಅದು ವಿರಾಮ ಅಲ್ಲ, ಇನ್ನೂ ಜಾಸ್ತಿ ಕೆಲಸ.

ಇಷ್ಟನ್ನೆಲ್ಲ ಒಂದೇ ದಿನ ಮಾಡಲು ಹೋಗಬೇಡಿ. ಮೊದಲ ವಾರ ಕೆಂಪಿನ ಡ್ರಾಪ್ಸ್ ನಿಲ್ಲಿಸಿ, ಗಾಳಿ ತಿರುಗಿಸಿ, ಸ್ಕ್ರೀನ್ ದೂರ ತಳ್ಳಿ, ಅಕ್ಷರ ದೊಡ್ಡದು ಮಾಡಿ, ಕನ್ನಡಕ ತೆಗೆದು ನೋಡಿ. ಕೆಂಪಿನ ಡ್ರಾಪ್ಸ್ ಬಿಟ್ಟ ಮೊದಲ ಕೆಲವು ದಿನ ಕಣ್ಣು ಇನ್ನೂ ಕೆಂಪಾಗಿ ಕಾಣಬಹುದು, ಹೆದರಬೇಡಿ. ಪವರ್ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.

ಕೆಲವು ಲಕ್ಷಣ ಕಂಡರೆ ಮಾತ್ರ ಈ ಯಾವ ಉಪಾಯವನ್ನೂ ನಂಬಿ ಕೂರದೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ: ದೃಷ್ಟಿ ಇದ್ದಕ್ಕಿದ್ದಂತೆ ಕಡಿಮೆ ಆಗುವುದು, ಮಿಂಚು ಹೊಡೆದ ಹಾಗೆ ಕಾಣುವುದು, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚುವುದು, ಒಂದು ಕಡೆ ಪರದೆ ಇಳಿದ ಹಾಗೆ ಆಗುವುದು, ಒಂದೇ ವಸ್ತು ಎರಡಾಗಿ ಕಾಣುವುದು, ಕಣ್ಣು ಕೆಂಪಾಗಿ ಜೋರು ನೋವು ಬಂದು ವಾಂತಿ ಆಗುವುದು. ಮೈನಸ್ ಪವರ್ ಇರುವವರಿಗೆ ರೆಟಿನಾ (ಕಣ್ಣಿನ ಹಿಂಭಾಗದ ಪದರ) ಹರಿದುಹೋಗುವ ಸಾಧ್ಯತೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಮಿಂಚು, ಚುಕ್ಕೆ ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ.

ಅಂಥದ್ದೇನೂ ಇಲ್ಲದೆ, ನಾಲ್ಕು ವಾರ ಸರಿಯಾಗಿ ಮಾಡಿದ ಮೇಲೂ ಉರಿ ಹಾಗೇ ಇದ್ದರೆ ಒಣಗಣ್ಣಿನ ಪರೀಕ್ಷೆ ಕೇಳಿ ಮಾಡಿಸಿ. ಕಣ್ಣಿಗೆ ಬಣ್ಣ ಹಾಕಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಅಂತ ನೋಡುತ್ತಾರೆ. ಹತ್ತು ಸೆಕೆಂಡಿಗಿಂತ ಬೇಗ ಒಡೆದರೆ ಪದರ ದುರ್ಬಲ. ಕೆಳಗಿನ ರೆಪ್ಪೆಯಲ್ಲಿ ಸಣ್ಣ ಕಾಗದದ ಪಟ್ಟಿ ಇಟ್ಟು ಐದು ನಿಮಿಷದಲ್ಲಿ ಎಷ್ಟು ಒದ್ದೆ ಆಯಿತು ಅಂತ ಅಳೆಯುತ್ತಾರೆ. ಬಾಯಿಯೂ ಒಣಗುತ್ತಿದ್ದರೆ, ಕೀಲು ನೋವಿದ್ದರೆ, ಥೈರಾಯ್ಡ್ ತೊಂದರೆ ಇದ್ದರೆ ಅದನ್ನೂ ಹೇಳಿ. ಬೇರೆ ಕಾಯಿಲೆಗೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರನ್ನೂ ಬರೆದುಕೊಂಡು ಹೋಗಿ. ಅಲರ್ಜಿಗೆ ಕೊಡುವ ಮಾತ್ರೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇವೆಲ್ಲ ಕಣ್ಣನ್ನು ಒಣಗಿಸುತ್ತವೆ. ಆದರೆ ನೀವಾಗಿಯೇ ಅವನ್ನು ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.